ಕೈಯ ಗೊಂಬೆಯೂ ಕನ್ನಡಿಯ ಗೊಂಬೆಯೂ

ಕಳೆದ ದಸರೆಯ ಸಮಯದಲ್ಲಿ ಈ ಪತ್ರಿಕೆಯ ವಿಶೇಷ ಪುರವಣಿಯ ಮುಖಪುಟದಲ್ಲಿ ಒಂದು ಬಣ್ಣದ ಚಿತ್ರವು ಪ್ರಕಟವಾದುದು ನಮ್ಮ ವಾಚಕರಲ್ಲಿ ಅನೇಕರ ನೆನಪಿನಲ್ಲಿರಬಹುದು. ಒಂಬತ್ತು ಮೆಟ್ಟಿಲುಗಳ ಮೇಲೆ ಕೂರಿಸಿದ ಗೊಂಬೆಗಳ ಸಾಲು. ಮೇಲ್ಗಡೆ ಪಟ್ಟದ ರಾಜರಾಣಿಯರು. ಕೆಳಗೆ ಆನೆ, ಅಂಬಾರಿ, ಕಾಲಾಳುಗಳು. ಎರಡು ಮಗ್ಗುಲಲ್ಲಿಯೂ ಉರಿಯುವ ದೀಪದ ಕಂಬಗಳು. ಹಲವರು ಅದನ್ನು ಮೆಚ್ಚಿ ನಮಗೆ ಪತ್ರ ಬರೆದರು. ಪುರವಣಿಯು ಹೊರಬಿದ್ದ ಮೂರನೆಯ ದಿವಸ ಗೊಂಬೆಯ ಕೆಲಸದಲ್ಲಿಯೇ ತಲೆ ನರೆತ ವೃದ್ಧರೊಬ್ಬರು ನಮ್ಮ ಕಚೇರಿಗೆ ಬಂದರು. ಪುರವಣಿಯನ್ನು ಮಡಿಚಿ ಕೈಯಲ್ಲಿ ಹಿಡಿದಿದ್ದರು. "ಸ್ವಾಮಿ, ಈ ರಾಣಿಗೊಂಬೆ ಯಾರ ಕೈಯದು? ಯಾವ ಊರಿನವರು? ಇಷ್ಟು ವರ್ಷ ಈ ಕಸುಬಿನಲ್ಲಿದ್ದೂ ಈ ಕೈಯನ್ನು ನಾನು ಕಂಡಿಲ್ಲವಲ್ಲ" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಗೊಂಬೆಯನ್ನು ಯಾರೂ ಮಾಡಿರಲಿಲ್ಲ; ಆ ಚಿತ್ರವನ್ನು ಯಾರೂ ತೆಗೆದಿರಲಿಲ್ಲ. ನಮ್ಮ ಕಚೇರಿಯ ತರುಣರೊಬ್ಬರು ಕೃತಕ ಬುದ್ಧಿಮತ್ತೆಯ ಚಿತ್ರಯಂತ್ರಕ್ಕೆ ಎರಡು ವಾಕ್ಯಗಳನ್ನು ಬರೆದುಕೊಟ್ಟು ಅರೆನಿಮಿಷದಲ್ಲಿ ಪಡೆದುದು ಅದು. ನಾವು ಅದನ್ನು ನೋಡಿ, ಸೊಗಸಾಗಿದೆಯೆಂದು ಒಪ್ಪಿ, ಯಂತ್ರದ ಕೆಲಸವೆಂಬ ಮಾತನ್ನು ಅಡಿಯಲ್ಲಿ ಸೇರಿಸದೆ ಅಚ್ಚು ಹಾಕಿಸಿದೆವು. ತಪ್ಪು ಆ ತರುಣರದಲ್ಲ, ನಮ್ಮದು. ವೃದ್ಧರಿಗೆ ಇದ್ದುದನ್ನು ಇದ್ದಂತೆ ತಿಳಿಸಿದೆವು. ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕವನ್ನು ಒರಸಿ ಹಾಕಿಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದರು. "ಅದಕ್ಕೇ ಮರದ ಎಳೆ ಅಡ್ಡಡ್ಡವಾಗಿ ಓಡಿದೆ. ಹೀಗೆ ಕಡೆದರೆ ಕುತ್ತಿಗೆ ಒಂದು ಹಬ್ಬಕ್ಕೂ ನಿಲ್ಲುವುದಿಲ್ಲ" ಎಂದು ಹೇಳಿ ಎದ್ದು ಹೋದರು.

ಈ ಪ್ರಸಂಗವು ನಮ್ಮ ಮನಸ್ಸಿನಲ್ಲಿ ಅಂದಿನಿಂದ ಕೊರೆಯುತ್ತಲೇ ಇದೆ. ಗೊಂಬೆಗಳಲ್ಲಿ ಆಸಕ್ತಿಯುಳ್ಳ ಮಹನೀಯರೂ ಮಹಿಳೆಯರೂ ಈಚೆಗೆ ಈ ಚಿತ್ರಯಂತ್ರಗಳನ್ನು ತಮ್ಮ ಕಲ್ಪನೆಗೆ ಹೊರದಾರಿಯಾಗಿ ಮಾಡಿಕೊಂಡಿದ್ದಾರೆ. ಇದು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯನ್ನು ವಾಚಕರ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ತಪ್ಪು ಮಾಡಿದವರೇ ಮೊದಲು ಮಾತನಾಡುವುದು ನ್ಯಾಯ.

ಮೊದಲು ಯಂತ್ರದ ಸ್ವರೂಪವನ್ನು ತಿಳಿದುಕೊಳ್ಳಬೇಕು. ಮಾತಿನಲ್ಲಿ ಹೇಳಿದ್ದನ್ನು ಚಿತ್ರವಾಗಿ ಮಾಡಿಕೊಡುವ ಡಾಲ್-ಈ ಎಂಬುದು ೨೦೨೧ರ ಜನವರಿಯಲ್ಲಿ ಲೋಕಕ್ಕೆ ಪರಿಚಯವಾಯಿತು. ೨೦೨೨ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮೊದಲಾದವು ಬಂದು ಸಾಮಾನ್ಯರ ಕೈಗೆ ಈ ವಿದ್ಯೆಯು ದೊರೆಯಿತು. ಇದರ ಶಿಕ್ಷಣಕ್ರಮವು ಕುತೂಹಲಕರವಾದುದು. ಕೋಟ್ಯಂತರ ಚಿತ್ರಗಳನ್ನೂ ಅವುಗಳ ಜೊತೆಗಿರುವ ವಿವರಣೆಯ ಮಾತುಗಳನ್ನೂ ಯಂತ್ರದ ಮುಂದಿಡುತ್ತಾರೆ. ಒಂದೊಂದು ಚಿತ್ರದ ಮೇಲೂ ಸ್ವಲ್ಪಸ್ವಲ್ಪವಾಗಿ ಅರ್ಥವಿಲ್ಲದ ಚುಕ್ಕೆಗಳನ್ನು ಎರಚಿ, ಕೊನೆಗೆ ಚಿತ್ರವೇ ಕಾಣದಂತೆ ಮಾಡುತ್ತಾರೆ. ಆ ಚುಕ್ಕೆಗಳನ್ನು ಹಂತಹಂತವಾಗಿ ತೆಗೆದು ಚಿತ್ರವನ್ನು ಹಿಂದಕ್ಕೆ ತರುವುದನ್ನು ಯಂತ್ರವು ಕಲಿಯುತ್ತದೆ. ಕಲಿತ ಮೇಲೆ ನಾವು ಒಂದು ಮಾತು ಕೊಟ್ಟರೆ, ಬರಿಯ ಚುಕ್ಕೆಗಳ ರಾಶಿಯಿಂದ ಆ ಮಾತಿಗೆ ಹೊಂದುವ ಹೊಸ ಚಿತ್ರವೊಂದನ್ನು ಎತ್ತಿ ತೋರಿಸುತ್ತದೆ. ಅದಕ್ಕೆ ಮರವು ತಿಳಿಯದು, ಉಳಿಯು ತಿಳಿಯದು. ಮರವು ಚಿತ್ರದಲ್ಲಿ ಹೇಗೆ ಕಾಣುತ್ತದೆಂಬುದು ಮಾತ್ರ ತಿಳಿದಿದೆ. ವೃದ್ಧರು ಎಳೆಯ ವಿಷಯದಲ್ಲಿ ಹೇಳಿದ ಮಾತಿನ ಮರ್ಮವು ಇದೇ.

ಗೊಂಬೆಗೂ ಈ ಯಂತ್ರಕ್ಕೂ ೨೦೨೫ರಲ್ಲಿ ವಿಶೇಷವಾದ ನಂಟು ಬೆಳೆಯಿತು. ಆ ವರ್ಷದ ಏಪ್ರಿಲಿನಲ್ಲಿ ತಮ್ಮನ್ನೇ ಅಂಗಡಿಯ ಪೆಟ್ಟಿಗೆಯಲ್ಲಿ ಕೂಡಿಸಿದ ಆಟದ ಗೊಂಬೆಯಂತೆ ಚಿತ್ರಿಸಿಕೊಳ್ಳುವ ಹುಚ್ಚು ದೇಶದೇಶಗಳಲ್ಲಿ ಹರಡಿತು. ಚಿತ್ರಕಾರರು ಸುಮ್ಮನಿರಲಿಲ್ಲ, ಅದೇ ಬಗೆಯ ಪೆಟ್ಟಿಗೆಯ ಗೊಂಬೆಗಳನ್ನು ತಮ್ಮ ಕೈಯಿಂದಲೇ ಬರೆದು ಪ್ರಕಟಿಸಿ ಪ್ರತಿಭಟನೆಯನ್ನು ಸೂಚಿಸಿದರು. ಆಗಸ್ಟಿನ ಕೊನೆಯಲ್ಲಿ ಗೂಗಲ್ ಕಂಪನಿಯವರ 'ನ್ಯಾನೋ ಬನಾನಾ' ಎಂಬ ಅಡ್ಡಹೆಸರಿನ ಚಿತ್ರಯಂತ್ರವು ಬಂದಿತು. ಸೆಪ್ಟೆಂಬರಿನಲ್ಲಿ, ದಸರೆಯ ಹೊಸ್ತಿಲಲ್ಲಿಯೇ, ನಮ್ಮ ದೇಶದ ಲಕ್ಷಾಂತರ ತರುಣತರುಣಿಯರು ಮೇಜಿನ ಮೇಲೆ ನಿಂತ ಪುಟ್ಟ ಬೊಂಬೆಗಳಾಗಿ ತಮ್ಮ ರೂಪಗಳನ್ನು ಕಂಡು ಸಂತೋಷಪಟ್ಟರು. ಒಂದು ಕಡೆ ಮನೆಯ ಅಟ್ಟದಿಂದ ಗೊಂಬೆಯ ಪೆಟ್ಟಿಗೆ ಇಳಿಯುತ್ತಿರಲು, ಇನ್ನೊಂದು ಕಡೆ ಕೈಯೊಳಗಿನ ಫೋನಿನಲ್ಲಿ ಮುಟ್ಟಲಾಗದ ಗೊಂಬೆಗಳು ಹುಟ್ಟುತ್ತಿದ್ದುವು.

ಇದನ್ನು ಕೇವಲ ಹುಚ್ಚೆಂದು ತಳ್ಳಿಹಾಕುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಗೊಂಬೆಗಳನ್ನು ಕೂಡಿಡುವುದು ಮಕ್ಕಳಾಟವೆಂದು ಮೂಗು ಮುರಿಯುವ ಗೃಹಸ್ಥರಿಗೆ ದೆಹಲಿಯ ಅಂತರರಾಷ್ಟ್ರೀಯ ಗೊಂಬೆ ಸಂಗ್ರಹಾಲಯವನ್ನು ತೋರಿಸಬೇಕು. ಪ್ರಖ್ಯಾತ ವ್ಯಂಗ್ಯಚಿತ್ರಕಾರರೂ ಪತ್ರಿಕೋದ್ಯೋಗಿಗಳೂ ಆಗಿದ್ದ ಕೆ. ಶಂಕರ ಪಿಳ್ಳೆಯವರು ಮಕ್ಕಳಿಗಾಗಿ ನಡೆಸುತ್ತಿದ್ದ ಸ್ಪರ್ಧೆಯ ಬಹುಮಾನಕ್ಕೆಂದು ಹಂಗೆರಿಯ ರಾಯಭಾರಿಗಳು ನೆಹರೂ ಅವರ ಮೂಲಕ ಒಂದು ಗೊಂಬೆಯನ್ನು ಕೊಟ್ಟರು. ಆ ಒಂದು ಗೊಂಬೆಯ ಮೋಹವು ಬೆಳೆದು ೧೯೬೫ರಲ್ಲಿ ಒಂದು ಸಂಗ್ರಹಾಲಯವೇ ಆಯಿತು. ಜಪಾನಿನವರು ಮಾರ್ಚಿ ೩ರ ಹಬ್ಬದಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಚಕ್ರವರ್ತಿ ದಂಪತಿಗಳ ಗೊಂಬೆಗಳನ್ನು ಕೂರಿಸುವುದನ್ನು ಕಂಡರೆ ನಮ್ಮ ಗೊಂಬೆ ಹಬ್ಬವೇ ನೆನಪಾಗುತ್ತದೆ.

ನಮ್ಮ ಕ್ರಮದಲ್ಲಿ ಇನ್ನೊಂದು ವಿಶೇಷವಿದೆ. ಹಳೆಯ ಮೈಸೂರಿನ ಮನೆತನಗಳಲ್ಲಿ ಮದುವೆಯಾದ ಹೆಣ್ಣುಮಗಳಿಗೆ ತವರಿನವರು ಮರದ ಪಟ್ಟದ ಗೊಂಬೆಗಳ ಜೋಡಿಯನ್ನು ಕೊಟ್ಟು ಕಳುಹಿಸುತ್ತಿದ್ದರು. ಆಶ್ವಯುಜ ಶುದ್ಧ ಪಾಡ್ಯದಂದು ಅವುಗಳಿಗೆ ಸೀರೆ, ಪೇಟ, ಒಡವೆಗಳ ಸಿಂಗಾರವಾಗಬೇಕು. ಮೆಟ್ಟಿಲುಗಳು ಮೂರೋ ಐದೋ ಏಳೋ ಒಂಬತ್ತೋ ಆಗಬೇಕು. ಶೆಟ್ಟರ ಅಂಗಡಿಯಲ್ಲಿ ಅಕ್ಕಿ ಬೇಳೆಗಳ ಪುಟ್ಟ ರಾಶಿಗಳಿರಬೇಕು. ಮುಂದುಗಡೆ ರಾಗಿಯ ಪೈರು ಮೊಳೆತು ಹಸಿರು ತೋಟವಾಗಬೇಕು. ಸಂಜೆಗೆ ಬೀದಿಯ ಮಕ್ಕಳೆಲ್ಲ ಬಂದು ಆರತಿ ನೋಡಿ ಗೊಂಬೆ ಬಾಗಿನವನ್ನು ತಿಂದು ಹೋಗಬೇಕು. ವರ್ಷಕ್ಕೊಂದು ಹೊಸ ಗೊಂಬೆಯಾದರೂ ಸೇರಬೇಕೆಂಬುದು ಅನೇಕ ಮನೆಗಳ ನಿಯಮ. ಇಲ್ಲಿ ಸಂಗ್ರಹವೆಂದರೆ ಕೊಂಡು ಬೀರುವಿನಲ್ಲಿ ಬೀಗ ಹಾಕುವುದಲ್ಲ. ವರ್ಷವರ್ಷವೂ ಹೊಸದಾಗಿ ಒಂದು ಲೋಕವನ್ನು ಹೂಡುವುದು. ಕವಿಗೆ ಕಾವ್ಯ ಹೇಗೋ, ಅನೇಕ ಗೃಹಿಣಿಯರಿಗೆ ಈ ಹತ್ತು ದಿವಸಗಳ ಗೊಂಬೆಯ ಅಂಕಣವು ಹಾಗೆ. ಹೀಗಿರಲು, ಆ ಲೋಕವನ್ನು ಹೂಡುವ ಮುಂಚೆ ಅದರ ಚಿತ್ರವನ್ನು ಕಾಣಬೇಕೆಂದು ಅವರು ಬಯಸಿದರೆ ಅದರಲ್ಲಿ ಅಪರಾಧವೇನು? ಎರಡು ಕೋಣೆಯ ಮನೆಯಲ್ಲಿ ಒಂಬತ್ತು ಮೆಟ್ಟಿಲುಗಳಿಗೆ ಎಡೆಯಿಲ್ಲದವರು, ಗೊಂಬೆಯ ಬೆಲೆ ಕೈಗೆಟುಕದವರು, ತವರಿನ ಪೆಟ್ಟಿಗೆಯನ್ನು ಬಿಟ್ಟು ಸಮುದ್ರದಾಚೆ ನೆಲೆಸಿದ ಕನ್ನಡಿಗರು ಯಂತ್ರದ ನೆರವಿನಿಂದ ಒಂದು ಗಳಿಗೆ ಸಂತೋಷವನ್ನು ಪಡೆದರೆ ಅದನ್ನು ಕಸಿದುಕೊಳ್ಳಲು ನಮಗೆ ಅಧಿಕಾರವಿಲ್ಲ.

ನಮ್ಮ ನಗರದ ನಿವೃತ್ತ ಉಪಾಧ್ಯಾಯಿನಿಯೊಬ್ಬರ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತವಾಗಿದೆ. ಅವರ ಮನೆಯಲ್ಲಿ ಮೂರು ತಲೆಮಾರಿನ ಗೊಂಬೆಗಳಿವೆ. ಶಿವಪುರದ ಧ್ವಜಸತ್ಯಾಗ್ರಹವನ್ನು ಗೊಂಬೆಗಳಲ್ಲಿ ತೋರಿಸಬೇಕೆಂಬ ಬಯಕೆಯು ಅವರಿಗೆ ಬಹುಕಾಲದಿಂದ ಇದ್ದಿತು. ೧೯೩೮ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಪ್ರಥಮ ಅಧಿವೇಶನವು ಸೇರಿ, ಸಂಸ್ಥಾನದ ಸರ್ಕಾರದ ನಿಷೇಧಾಜ್ಞೆಯನ್ನು ಮೀರಿ, ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಧ್ವಜವನ್ನೇರಿಸಿ ಬಂಧಿತರಾದ ಕಥೆಯನ್ನು ನಮ್ಮ ಹಿರಿಯರು ಮರೆತಿಲ್ಲ, ಕಿರಿಯರು ಅರಿತಿಲ್ಲ. ರಾಮಪಟ್ಟಾಭಿಷೇಕದ ಗೊಂಬೆಗಳು ಪೇಟೆಯಲ್ಲಿ ದೊರೆಯುತ್ತವೆ. ಶಿವಪುರದ ಗೊಂಬೆಗಳು ಎಲ್ಲಿ ದೊರೆತಾವು? ಉಪಾಧ್ಯಾಯಿನಿಯವರು ಮೊಮ್ಮಗನ ಸಹಾಯದಿಂದ ಚಿತ್ರಯಂತ್ರವನ್ನು ಕೇಳಿದರು.

ಯಂತ್ರವು ಮೊದಲು ಒಂದು ಅರಮನೆಯನ್ನು ತಂದಿಟ್ಟಿತು. ಅರಮನೆ ಬೇಡ, ಹೊಲ ಬೇಕೆಂದರೆ ಗೋಧಿಯ ಹೊಲವನ್ನು ತಂದಿತು. ರೈತರಿಗೆ ಉತ್ತರ ಹಿಂದೂಸ್ಥಾನದ ಪಗಡಿ ಸುತ್ತಿತು. ಧ್ವಜದ ನಡುವೆ ಅಶೋಕಚಕ್ರವನ್ನು ಬರೆಯಿತು. ೧೯೩೮ರ ರಾಷ್ಟ್ರಧ್ವಜದಲ್ಲಿದ್ದುದು ಚರಕ. ಚಕ್ರವು ಅದರ ಸ್ಥಾನಕ್ಕೆ ಬಂದುದು ೧೯೪೭ರ ಜುಲೈಯಲ್ಲಿ. ಉಪಾಧ್ಯಾಯಿನಿಯವರು ಒಂದೊಂದು ತಪ್ಪನ್ನೂ ಹೇಳಿ ತಿದ್ದಿಸುತ್ತ, ಹದಿನಾಲ್ಕು ಸಲ ಕೇಳಿ, ಕೊನೆಗೆ ಮನಸ್ಸಿಗೊಪ್ಪುವ ಒಂದು ನೋಟವನ್ನು ಪಡೆದರು. ಆ ಹದಿನಾಲ್ಕು ತಿದ್ದುಪಾಟುಗಳಲ್ಲಿ ಮೊಮ್ಮಗನು ತನ್ನ ಶಾಲೆಯಲ್ಲಿ ಕಲಿತುದಕ್ಕಿಂತ ಹೆಚ್ಚು ಚರಿತ್ರೆಯನ್ನು ಕಲಿತನೆಂದು ಅವರು ನಗುತ್ತ ಹೇಳಿದರು. ನಮಗೆ ಅದು ನಗುವ ಮಾತಾಗಿ ತೋರಲಿಲ್ಲ. ಅಜ್ಜಿಗೆ ಗೊತ್ತಿದ್ದುದರಿಂದ ಯಂತ್ರದ ತಪ್ಪು ತಿಳಿಯಿತು. ಗೊತ್ತಿರುವ ಅಜ್ಜಿಯಿಲ್ಲದ ಮನೆಯಲ್ಲಿ ಏನಾಗುತ್ತಿತ್ತು?

ಉಪಾಧ್ಯಾಯಿನಿಯವರು ಅಲ್ಲಿಗೇ ನಿಲ್ಲಲಿಲ್ಲ. ಆ ಚಿತ್ರವನ್ನು ಕಾಗದದ ಮೇಲೆ ಅಚ್ಚು ಮಾಡಿಸಿಕೊಂಡು ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿಯ ಕಸುಬುದಾರರೊಬ್ಬರ ಮುಂದಿಟ್ಟರು. ಅವರು ಬಹಳ ಹೊತ್ತು ನೋಡಿ, "ಅಮ್ಮಾವರೇ, ಈ ಎತ್ತಿದ ಕೈ ಚಕ್ರದ ಮೇಲೆ ಬರುವುದಿಲ್ಲ. ಮೈ ಒಂದು ತುಂಡು, ಕೈ ಬೇರೆ ತುಂಡು ಮಾಡಿ ಸೇರಿಸಬೇಕು. ಮುಖದಲ್ಲಿ ಇಷ್ಟೆಲ್ಲ ಗೆರೆ ಬೇಡಿ, ನಮ್ಮ ಗೊಂಬೆಗೆ ಎರಡು ಕಣ್ಣು, ಒಂದು ನಗು ಸಾಕು" ಎಂದರು. "ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ ಸಾಹೇಬರೇ, ಆದರೆ ಬಾವುಟದಲ್ಲಿ ಚರಕ ಇರಲೇಬೇಕು" ಎಂದರಂತೆ ಇವರು. ಒಂದೂವರೆ ತಿಂಗಳಲ್ಲಿ ಇಪ್ಪತ್ತೆರಡು ಗೊಂಬೆಗಳು ಸಿದ್ಧವಾದುವು. ಹಾಲೆಮರದ ತುಂಡನ್ನು ಲೇತು ಎಂದು ಕರೆಯುವ ಕಡಸಲು ಯಂತ್ರಕ್ಕೆ ಕಟ್ಟಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹಿಡಿದ ಮೇಲೆ ಗರಿಯಿಂದ ತಿಕ್ಕಿ ಹೊಳಪು ತರುವ ಆ ಕೆಲಸವನ್ನು ನೋಡಿದವರಿಗೆ ಅದರ ಬೆಲೆ ತಿಳಿದೀತು. ಯಂತ್ರವು ಕೊಟ್ಟ ಚಿತ್ರಕ್ಕೂ ಈ ಗೊಂಬೆಗಳಿಗೂ ಹೋಲಿಕೆ ಅಷ್ಟಕ್ಕಷ್ಟೇ, ಗೊಂಬೆಗಳೇ ಚೆನ್ನಾಗಿದ್ದುವು. ಚಿತ್ರವು ಇಬ್ಬರು ಬಲ್ಲವರ ನಡುವೆ ಮಾತು ಹೂಡಿಸಿತು. ಅದರ ಕೆಲಸ ಅಲ್ಲಿಗೆ ಮುಗಿಯಿತು.

ನಮ್ಮ ಅಭಿಪ್ರಾಯವೆಲ್ಲವೂ ಈ ಒಂದು ದೃಷ್ಟಾಂತದಲ್ಲಿ ಅಡಗಿದೆ. ಯಂತ್ರದ ಚಿತ್ರವು ಗೊಂಬೆಗೆ ದಾರಿಯಾಗಲಿ, ಗೊಂಬೆಯ ಬದಲಾಗದಿರಲಿ. ಕಲ್ಪನೆಯು ಚಿತ್ರದಿಂದ ಹೊರಟು ಕಸುಬುದಾರನ ಅಂಗಳಕ್ಕೆ ಹೋಗಿ ಮುಟ್ಟಿದರೆ ದೇಶಕ್ಕೆ ಲಾಭ. ಚಿತ್ರದಲ್ಲಿಯೇ ತೃಪ್ತಿಗೊಂಡು ನಿಂತರೆ ಅದು ಕನ್ನಡಿಯೊಳಗಿನ ಗಂಟು. ಕೈಗೆ ಬರುವುದಿಲ್ಲ, ಮಗಳ ಮದುವೆಗೆ ಕೊಡಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಹೊಸ ಯಂತ್ರ ಬಂದಾಗಲೆಲ್ಲ ಹಳಬರು ಹೀಗೆಯೇ ಗೋಳಾಡಿದರಲ್ಲವೇ ಎಂದು ವಿದ್ಯಾವಂತ ತರುಣರು ಕೇಳಬಹುದು. ಮಾತಿನಲ್ಲಿ ಸತ್ಯಾಂಶವಿದೆ. ಅಚ್ಚಿನ ಯಂತ್ರದಿಂದ ಅನ್ನ ತಿನ್ನುವ ನಾವು ಯಂತ್ರವನ್ನು ಶಪಿಸಲಾರೆವು. ರಾಜಾ ರವಿವರ್ಮರು ೧೮೯೪ರಲ್ಲಿ ಮುಂಬಯಿಯ ಬಳಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿ, ಅರಮನೆಗಳಲ್ಲಿದ್ದ ಚಿತ್ರಕಲೆಯನ್ನು ಬಡವರ ಗೋಡೆಗೂ ತಲುಪಿಸಿದರು. ಲಕ್ಷ್ಮೀ ಸರಸ್ವತಿಯರ ಆ ಪಟಗಳನ್ನು ನಮ್ಮ ಅಜ್ಜಂದಿರು ಕಣ್ಣಿಗೊತ್ತಿಕೊಂಡರು. ಆದರೆ ಆ ಪಟಗಳನ್ನು ನೋಡಿದವರಿಗೆ ಅವು ಯಾರ ಕಲ್ಪನೆಯೆಂಬುದು ತಿಳಿದಿತ್ತು. ಒಬ್ಬನ ಕೆಲಸವು ಸಾವಿರ ಮನೆಗಳಿಗೆ ಹೋಯಿತು; ಅವನ ಹೆಸರೂ ಸಾವಿರ ಮನೆಗಳಿಗೆ ಹೋಯಿತು. ಈಗಿನ ಯಂತ್ರದಲ್ಲಿ ಆಗುತ್ತಿರುವುದು ಅದಕ್ಕೆ ತಿರುಗು. ಸಾವಿರ ಜನರ ಕೆಲಸವು ಒಂದು ಯಂತ್ರದ ಹೊಟ್ಟೆಗೆ ಹೋಗಿ, ಯಾರ ಹೆಸರೂ ಇಲ್ಲದೆ ಹೊರಬರುತ್ತದೆ. "ಯಾರ ಕೈಯದು?" ಎಂಬ ಪ್ರಶ್ನೆಗೆ ಉತ್ತರವಿಲ್ಲದಂತಾಗುತ್ತದೆ. ನಮ್ಮ ದೂರು ಯಂತ್ರದ ಮೇಲಲ್ಲ, ಈ ಹೆಸರಿಲ್ಲದಿರುವಿಕೆಯ ಮೇಲೆ.

ಎರಡನೆಯ ಸಂಗತಿಯು ಇನ್ನೂ ಗಂಭೀರವಾದುದು. ಈ ಯಂತ್ರಗಳು ಯಾವ ಪಾಠಶಾಲೆಯಲ್ಲಿ ಓದಿದುವು? ಸ್ಟೇಬಲ್ ಡಿಫ್ಯೂಷನ್ ಮೊದಲಾದುವುಗಳ ಶಿಕ್ಷಣಕ್ಕೆ ಲೈಯಾನ್ ಎಂಬ ಜರ್ಮನಿಯ ಸಂಸ್ಥೆಯ ಚಿತ್ರಸಂಗ್ರಹಗಳು ಬಳಕೆಯಾದುವು. ೨೦೨೨ರಲ್ಲಿ ಆ ಸಂಸ್ಥೆಯು ಪ್ರಕಟಿಸಿದ ಮಹಾಸಂಗ್ರಹದಲ್ಲಿ ವಿವರಣೆ ಸಹಿತವಾದ ಚಿತ್ರಗಳು ಸುಮಾರು ೫೮೫ ಕೋಟಿ. ಅವುಗಳಲ್ಲಿ ಇಂಗ್ಲೀಷ್ ವಿವರಣೆಯವೇ ೨೩೨ ಕೋಟಿ. ಪ್ರಪಂಚದ ನೂರಕ್ಕೂ ಮಿಕ್ಕ ಇತರ ಭಾಷೆಗಳೆಲ್ಲ ಸೇರಿ ೨೨೬ ಕೋಟಿ. ಉಳಿದವುಗಳ ಭಾಷೆಯೇ ನಿರ್ಣಯವಾಗಿಲ್ಲ. ಒಂದು ಭಾಷೆಯು ಒಂದು ತಕ್ಕಡಿಯಲ್ಲಿ, ನೂರು ಭಾಷೆಗಳು ಇನ್ನೊಂದರಲ್ಲಿ! ಹೀಗಿರಲು, ೧೯೫೯ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಾರ್ಬಿ ಗೊಂಬೆಯ ರೂಪುರೇಖೆಗಳು ಯಂತ್ರಕ್ಕೆ ಕಂಠಪಾಠವಾಗಿರುವುದೂ, ಕೊಪ್ಪಳದ ಕಿನ್ನಾಳದ ಗೌರಿಯು ಅಪರಿಚಿತಳಾಗಿರುವುದೂ ಆಶ್ಚರ್ಯವಲ್ಲ. ನಾವೇ ಈಚೆಗೆ ಪರೀಕ್ಷೆಗಾಗಿ ಒಂದು ಯಂತ್ರವನ್ನು ಪಟ್ಟದ ಗೊಂಬೆಯ ಚಿತ್ರವನ್ನು ಬೇಡಿದೆವು. ಬಂದುದು ಗಾಜುಗಣ್ಣಿನ, ಹೊಂಬಣ್ಣದ ಕೂದಲಿನ ಒಬ್ಬ ಸುಂದರಿ. ಮೈಮೇಲೆ ಮಾತ್ರ ಜರತಾರಿ ಸೀರೆ. ಕಿನ್ನಾಳದ ಗೊಂಬೆಯೆಂದರೆ ಯಾವುದೋ ಪಿಂಗಾಣಿ ಬೊಂಬೆ ಬಂದಿತು.

ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ನಾರುಬಟ್ಟೆಯ ಚೂರುಗಳನ್ನು ನೆನೆಸಿ ಪುಡಿಮಾಡಿ, ಹುಣಸೆಬೀಜದ ಸರಿಯೊಡನೆ ಕಲಸಿದ ಕಿಟ್ಟವನ್ನು ಸಂದುಗಳಿಗೆ ಮೆತ್ತಿ, ಅದರ ಮೇಲೆ ಬಣ್ಣವೇರಿಸುವ ಕ್ರಮವು ತಲೆಮಾರುಗಳಿಂದ ನಡೆದುಬಂದಿದೆ. ಆ ಗೊಂಬೆಗಳಿಗೂ ಚನ್ನಪಟ್ಟಣದ ಗೊಂಬೆಗಳಿಗೂ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. ಆ ಮಾನ್ಯತೆಯು ಊರಿನ ಹೆಸರನ್ನು ಕಾಯುತ್ತದೆ. ಆದರೆ ರೂಪವು ಕಲಬೆರಕೆಯಾಗುವುದನ್ನು ಯಾವ ಕಾಯಿದೆ ತಡೆದೀತು? ಹತ್ತು ವರ್ಷಗಳ ತರುವಾಯ ನಮ್ಮ ಮಗುವೊಂದು ಪಟ್ಟದ ಗೊಂಬೆಯೆಂದರೇನೆಂದು ಕೇಳಿದಾಗ ಯಂತ್ರವು ಗಾಜುಗಣ್ಣಿನ ಸುಂದರಿಯನ್ನೇ ತೋರಿಸಿದರೆ, ಅಜ್ಜಿಯ ಪೆಟ್ಟಿಗೆಯಲ್ಲಿರುವ ಕಪ್ಪು ಮರದ ರಾಣಿಯು ಆ ಮಗುವಿನ ಕಣ್ಣಿಗೆ ತಪ್ಪಾಗಿ ಕಂಡಾಳು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇದ್ದೇ ಇದೆ. ಈಗ ಹಿತ್ತಲಲ್ಲಿ ಆ ಗಿಡವಿತ್ತೆಂಬುದೇ ಮರೆತುಹೋಗುವ ಕಾಲ ಬಂದೀತೆಂದು ನಮ್ಮ ಭಯ.

ಸ್ವಾತಂತ್ರ್ಯಕ್ಕೆ ಮುಂಚೆ ಜರ್ಮನಿ ಜಪಾನುಗಳ ಪಿಂಗಾಣಿ, ಸೆಲ್ಯುಲಾಯ್ಡ್ ಗೊಂಬೆಗಳು ಹಡಗುಗಳಲ್ಲಿ ಬಂದು ನಮ್ಮ ಪೇಟೆಯನ್ನು ತುಂಬಿದುವು. ಅನಂತರ ಚೀನದ ಪ್ಲಾಸ್ಟಿಕ್ ಸರಕು ಬಂದಿತು. ಭಾರತ ಸರ್ಕಾರದವರು ವಿದೇಶೀ ಆಟಿಗೆಗಳ ಮೇಲಣ ಸುಂಕವನ್ನು ೨೦೨೦ರಲ್ಲಿ ನೂರಕ್ಕೆ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿಸಿದರು. ೨೦೨೧ರ ಜನವರಿ ೧ರಿಂದ ಆಟಿಗೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯಗೊಳಿಸಿದರು. ಈ ಕ್ರಮಗಳಿಗೆ ನಾವು ಆಗಲೇ ಬೆಂಬಲ ಕೊಟ್ಟೆವು. ಆದರೆ ಯಂತ್ರದ ಗೊಂಬೆಯು ಹಡಗಿನಲ್ಲಿ ಬರುವುದಿಲ್ಲ. ಯಾವ ಬಂದರಿನ ಸುಂಕದ ಕಟ್ಟೆಯೂ ಅದನ್ನು ತಡೆಯಲಾರದು. ಅದು ನೆಟ್ಟಗೆ ಕಲ್ಪನೆಯೊಳಕ್ಕೇ ಇಳಿಯುತ್ತದೆ. ಆದುದರಿಂದ ಇಲ್ಲಿ ಬೇಕಾದುದು ಸುಂಕವಲ್ಲ, ನಮ್ಮದನ್ನು ನಾವು ಅರಿಯುವ ಅರಿವು.

ಮೂರನೆಯದು ವ್ಯಾಪಾರದ ವಂಚನೆ. ಚಿತ್ರದಲ್ಲಿ ಯಂತ್ರವು ಹೊಳೆಯಿಸಿದ ಗೊಂಬೆಯನ್ನು ತೋರಿಸಿ, ಹಣ ಪಡೆದ ಮೇಲೆ ಮತ್ತಾವುದನ್ನೋ ಕಳುಹಿಸುವ ಮಾರಾಟಗಾರರ ವಿಷಯದಲ್ಲಿ ವಾಚಕರಿಂದ ನಮಗೆ ದೂರುಗಳು ಬಂದಿವೆ. ಇದರಲ್ಲಿ ಕೊಂಡವನಿಗೆ ಒಂದು ಸಲ ನಷ್ಟ, ಕಸುಬುದಾರನಿಗೆ ನಿತ್ಯನಷ್ಟ. ಏಕೆಂದರೆ ಯಂತ್ರದ ಚಿತ್ರಕ್ಕೆ ಒಗ್ಗಿದ ಕಣ್ಣು ನಿಜವಾದ ಕೈಕೆಲಸವನ್ನು ಕಂಡು, "ಚಿತ್ರದಲ್ಲಿರುವಷ್ಟು ನಯವಾಗಿಲ್ಲ" ಎಂದು ಬೆಲೆ ಇಳಿಸಲು ಕೇಳುತ್ತದೆ. ಮಾಡಲಾಗದ ಗೊಂಬೆಯೊಡನೆ ಮಾಡಿದ ಗೊಂಬೆಯು ಸ್ಪರ್ಧಿಸುವುದು ಹೇಗೆ?

ಇನ್ನು ಆಗಬೇಕಾದುದೇನು? ಅಧಿಕಾರಿ ಮಹಾಶಯರಲ್ಲಿ ನಮ್ಮ ಮೊದಲ ಬಿನ್ನಹ. ನಾಡಿನ ಗೊಂಬೆಗಳ ಒಂದು ಪೂರ್ಣವಾದ ಚಿತ್ರಕೋಶವು ಆಗಬೇಕು. ಚನ್ನಪಟ್ಟಣ, ಕಿನ್ನಾಳಗಳಲ್ಲಿ ಮಾತ್ರವಲ್ಲದೆ ಮನೆಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಗೊಂಬೆಗಳನ್ನೂ ನಾಲ್ಕು ಕಡೆಯಿಂದ ಛಾಯಾಚಿತ್ರ ತೆಗೆಸಿ, ಯಾವ ಮರ, ಯಾವ ಬಣ್ಣ, ಯಾವ ಊರು, ಮಾಡಿದವರಾರು ಎಂಬುದನ್ನು ಕನ್ನಡದಲ್ಲಿ ಬರೆಯಿಸಿ ಇಡಬೇಕು. ಕರಕುಶಲ ಅಭಿವೃದ್ಧಿ ನಿಗಮ, ಪ್ರಾಚ್ಯವಸ್ತು ಇಲಾಖೆ, ವಿಶ್ವವಿದ್ಯಾನಿಲಯಗಳು ಕೂಡಿದರೆ ಇದು ಅಸಾಧ್ಯವಲ್ಲ. ಒಂದು ರಸ್ತೆಯ ಗುದ್ದಲಿಪೂಜೆಗೆ ಆಗುವ ಆಡಂಬರದ ಖರ್ಚಿಗಿಂತ ಹೆಚ್ಚೂ ಆಗಲಾರದು. ಯಂತ್ರಗಳು ಕಲಿಯುವುದಾದರೆ ಸರಿಯಾದುದನ್ನು ಕಲಿಯಲಿ. ಆದರೆ ಆ ಕೋಶವನ್ನು ಕಂಪನಿಗಳಿಗೆ ಬಿಟ್ಟಿಯಾಗಿ ಕೊಡತಕ್ಕದ್ದಲ್ಲ.

೨೦೨೫ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಉದ್ಯಮ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯವರು ಒಂದು ಕಾರ್ಯಪತ್ರವನ್ನು ಹೊರಡಿಸಿ, ಇತರರ ಕೃತಿಗಳಿಂದ ಯಂತ್ರಗಳಿಗೆ ಶಿಕ್ಷಣ ಕೊಡುವ ಕಂಪನಿಗಳು ಹಕ್ಕುದಾರರಿಗೆ ಸಂಭಾವನೆ ತೆರಬೇಕೆಂಬ ಸೂಚನೆಯನ್ನು ಸಾರ್ವಜನಿಕರ ಮುಂದಿಟ್ಟರು. ಸೂಚನೆಯು ಸ್ತುತ್ಯವಾದುದು. ಆದರೆ ಹಕ್ಕುದಾರನು ಯಾರು? ಗೊಂಬೆಯ ಛಾಯಾಚಿತ್ರದ ಹಕ್ಕು ಅದನ್ನು ತೆಗೆದವನದು. ಗೊಂಬೆಯನ್ನು ಕಡೆದ ಮುದುಕನ ಹೆಸರು ಯಾವ ದಫ್ತರಿನಲ್ಲಿಯೂ ಇಲ್ಲ. ಗ್ರಂಥಕರ್ತರಿಗೂ ಸಂಗೀತಗಾರರಿಗೂ ಸಂಘಗಳಿವೆ. ಸಂಭಾವನೆಯು ಬಂದರೆ ಕೈನೀಡಿ ಪಡೆಯುವರು. ಕಿನ್ನಾಳದ ಓಣಿಯಲ್ಲಿ ಕುಳಿತ ಚಿತ್ರಗಾರನ ಪಾಲನ್ನು ಅವನ ಮನೆಗೆ ಮುಟ್ಟಿಸುವವರು ಯಾರು? ಕಸುಬುದಾರರ ಸಹಕಾರ ಸಂಘಗಳನ್ನು ಹಕ್ಕುದಾರರೆಂದು ಕಾಯಿದೆಯು ಒಪ್ಪುವಂತೆ ನಮ್ಮ ಲೋಕಸಭಾ ಸದಸ್ಯರು ಈಗಲೇ ಯತ್ನಿಸಬೇಕು. ಕಾಯಿದೆಯು ಹೊರಬಿದ್ದ ಮೇಲೆ ಮನವಿಪತ್ರ ಹಿಡಿದು ಓಡಾಡುವ ಹಳೆಯ ಚಾಳಿಯು ಈ ಸಲವಾದರೂ ಬೇಡ.

ಎರಡನೆಯ ಬಿನ್ನಹವು ಗೊಂಬೆಗಳ ಪ್ರೇಮಿಗಳಲ್ಲಿ. ಯಂತ್ರವನ್ನು ಧಾರಾಳವಾಗಿ ಉಪಯೋಗಿಸಿರಿ. ಹಳೆಯ ಗೊಂಬೆಗೆ ಹೊಸ ಅಂಕಣವನ್ನು ಯೋಚಿಸಿರಿ, ಕಿತ್ತೂರನ್ನೂ ಶಿವಪುರವನ್ನೂ ಮಕ್ಕಳ ಕಣ್ಣಿಗೆ ತಂದುಕೊಡಿರಿ. ಆದರೆ ಯಂತ್ರದಿಂದ ಪಡೆದ ಹತ್ತು ಚಿತ್ರಗಳಿಗೆ ಒಂದು ಗೊಂಬೆಯನ್ನಾದರೂ ಬದುಕಿರುವ ಕೈಯಿಂದ ಮಾಡಿಸುವ ವ್ರತವನ್ನು ಕೈಕೊಳ್ಳಿರಿ. ಆ ಗೊಂಬೆಯ ಅಡಿಯಲ್ಲಿ ಮಾಡಿದವರ ಹೆಸರನ್ನೂ ಊರನ್ನೂ ವರ್ಷವನ್ನೂ ಬರೆಯಿಸಿರಿ. ನಮ್ಮ ಅಜ್ಜಿಯರು ಬರೆಯಿಸಲಿಲ್ಲ; ಆದುದರಿಂದಲೇ ಇಂದು ನಮ್ಮ ಮನೆಯ ಪಟ್ಟದ ರಾಣಿಯು ಯಾರ ಕೈಯವಳೆಂದು ಕೇಳಿದರೆ ನಾವು ಮೂಕರಾಗುತ್ತೇವೆ.

ಮೂರನೆಯದು ಬಿನ್ನಹವಲ್ಲ, ನಮ್ಮ ಪ್ರತಿಜ್ಞೆ. ಇಂದಿನಿಂದ ಈ ಪತ್ರಿಕೆಯಲ್ಲಿ ಯಂತ್ರವು ಮಾಡಿದ ಯಾವ ಚಿತ್ರವೂ 'ಯಂತ್ರಚಿತ್ರ' ಎಂಬ ಮಾತನ್ನು ಅಡಿಯಲ್ಲಿ ಹೊತ್ತಲ್ಲದೆ ಪ್ರಕಟವಾಗದು. ಜಾಹೀರಾತಿನ ಚಿತ್ರಗಳಿಗೂ ಈ ನಿಯಮವು ಸಲ್ಲುತ್ತದೆ; ಒಪ್ಪದ ಜಾಹೀರಾತುದಾರರ ಹಣವು ನಮಗೆ ಬೇಕಾಗಿಲ್ಲ. ಪತ್ರಿಕೆಯ ಆದಾಯದ ಸ್ಥಿತಿಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಬಂದುದಲ್ಲವೆಂಬುದು ತಿಳಿದೇ ಇದೆ. ಮುಂದಿನ ದಸರೆಯ ಪುರವಣಿಯ ಮುಖಪುಟಕ್ಕೆ ಏನು ಹಾಕಬೇಕೆಂಬುದೂ ನಿಶ್ಚಯವಾಗಿದೆ. ನಮ್ಮ ಕಚೇರಿಗೆ ಬಂದಿದ್ದ ಆ ವೃದ್ಧರ ಮನೆಗೆ ಮೊನ್ನೆ ಹೋಗಿ, ಒಂದು ಜೋಡಿ ಪಟ್ಟದ ಗೊಂಬೆಗಳಿಗೆ ಮುಂ‌ಗಡ ಕೊಟ್ಟು ಬಂದೆವು. ಹಬ್ಬದೊಳಗೆ ಮುಗಿಯುವುದೇ ಎಂದು ಕೇಳಿದುದಕ್ಕೆ, "ಮರ ಒಣಗಿದೆ ಸ್ವಾಮಿ, ಕಣ್ಣೊಂದು ಸ್ವಲ್ಪ ಮಂಜು, ಮೊಮ್ಮಗಳು ಬಣ್ಣ ಬರೆಯುತ್ತಾಳೆ" ಎಂದರು. ಗೊಂಬೆಗಳ ಛಾಯಾಚಿತ್ರದ ಅಡಿಯಲ್ಲಿ ಅವರಿಬ್ಬರ ಹೆಸರೂ ಅವರ ಒಪ್ಪಿಗೆಯಿಂದ ಅಚ್ಚಾಗುವುದು. ಮರದ ಎಳೆಯು ಯಾವ ಕಡೆಗೆ ಓಡಿದೆಯೆಂಬುದನ್ನು ವಾಚಕರು ಆಗ ತಾವೇ ನೋಡಿಕೊಳ್ಳಬಹುದು.